ಬಿಸಿ ಕೈಯ ಅಣ್ಣನಿಗೆ

ಪಾಸೊ ದೆಲ್ ಸೆದ್ರೊ,
ಪಾಪಾಂತ್ಲಾ
ಮಂಗಳವಾರ, ೨೬ ಏಪ್ರಿಲ್ ೧೯೮೮

ಪ್ರೀತಿಯ ಅಣ್ಣ ಬುಚೊ,

ನಿನ್ನ ತಂಗಿ ಮಿನಾ ಬದುಕಿದ್ದಾಳೆ. ಈ ವಿಷಯವನ್ನು ನಾಲ್ಕು ತಿಂಗಳ ಹಿಂದೆಯೇ ತಿಳಿಸಬೇಕಾಗಿತ್ತು. ಕ್ರಿಸ್‌ಮಸ್ಸಿಗೆ ನೀನು ತುಸ್ಪಾನ್ ಬಸ್ಸಿನವನ ಕೈಲಿ ಕಳಿಸಿದ ಸಿಹಿ ಬನ್ನಿನ ಬುಟ್ಟಿ ತಲುಪಿತು. ಬನ್ನು ಹೊಟ್ಟೆಗೆ ಹೋಯಿತು, ಬುಟ್ಟಿ ಕೋಳಿಗೆ ಹೋಯಿತು, ಕೋಳಿ ಅದರಲ್ಲಿ ಕಾವಿಗೆ ಕೂತು ಒಂಬತ್ತು ಮರಿ ಎಬ್ಬಿಸಿತು. ನಾನು ಮಾತ್ರ ಎರಡು ಸಾಲು ಬರೆಯಲು ಏಳಲಿಲ್ಲ. ಕ್ಷಮಿಸು. ಸೋಮಾರಿತನವಲ್ಲ, ಸುಸ್ತು. ಎರಡಕ್ಕೂ ಏನು ವ್ಯತ್ಯಾಸ ಎಂದು ಪೆತ್ರೋನಾ ಅತ್ತೆಯನ್ನು ಕೇಳಿದೆ. "ಸೋಮಾರಿ ಮಲಗಿ ಮಲಗಿ ಸುಸ್ತಾಗ್ತಾನೆ, ನೀನು ಸುಸ್ತಾಗಿ ಸುಸ್ತಾಗಿ ಮಲಗ್ತೀಯ, ಅಷ್ಟೇ ಕಣೆ," ಅಂದಳು. ಅತ್ತೆಗೆ ಈಗ ಎಂಬತ್ತೊಂದು. ಕಣ್ಣು ಮಂಜಾಗಿದೆ, ನಾಲಿಗೆ ಪಂಜಾಗಿದೆ. ಅದು ಬಿಟ್ಟರೆ ಕ್ಷೇಮ.

ಇಲ್ಲಿ ಹೂವಿನ ಕಾಲ. ಬೆಳಕು ಹರಿಯುವಾಗ ಅರಳಿದ ವೆನಿಲ್ಲಾ ಹೂವು ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ, ಅಷ್ಟರೊಳಗೆ ಒಂದೊಂದರ ಹತ್ತಿರವೂ ಹೋಗಿ ಕೈಯಾರೆ ಪರಾಗ ಮುಟ್ಟಿಸಿ ಮದುವೆ ಮಾಡಿಸಬೇಕು, ಆಗದ ಹೂವು ಮರುದಿನ ನೆಲದ ಮೇಲೆ. ಇದೆಲ್ಲ ನೀನು ಮರೆತಿರಲಾರೆ. ಹೀಗಾಗಿ ಆರರಿಂದ ಹನ್ನೊಂದರವರೆಗೆ ನಾನು ಪಾದ್ರಿ. ಒಂದು ಗಂಟೆಗೆ ಶಾಲೆ; ಈ ವರ್ಷವೂ ನನಗೆ ಮಧ್ಯಾಹ್ನದ ಪಾಳಿ, ನಲವತ್ತೊಂದು ಮಕ್ಕಳು. ಬೆಳಿಗ್ಗೆ ಹೂವಿನ ಸಾಲು, ಮಧ್ಯಾಹ್ನ ಮಕ್ಕಳ ಗೋಳು, ಸಂಜೆಗೆ ನೋಯುವ ಕತ್ತು ಕಾಲು. ಇಷ್ಟು ಸಾವಿರ ಮದುವೆ ಮಾಡಿಸಿದವಳಿಗೆ ತನ್ನದೊಂದು ಮಾಡಿಕೊಳ್ಳಲು ಪುರುಸೊತ್ತಾಗಲಿಲ್ಲ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ. ಬಂದವರು ನಗುತ್ತಾರೆ. ನಾನು ಕಾಫಿ ಕೊಡುತ್ತೇನೆ.

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ. ಹೋದ ವಾರ ಅಂಪಾರೊ ಅತ್ತಿಗೆಯ ಕಾಗದ ಬಂತು. ನಿನಗೆ ಹೇಳದೆ ಬರೆದಿದ್ದಾರೆ, ಅದಕ್ಕಾಗಿ ಅವರನ್ನು ಗದರಿಸಬೇಡ. ಹೇಗೆ ಬರೆದಿದ್ದಾರೋ ಹಾಗೇ ಇಳಿಸುತ್ತೇನೆ:

"ಮಿನಾ, ನಿಮ್ಮಣ್ಣ ತಾತ ಆಗಿ ಒಂದು ತಿಂಗಳ ಮೇಲಾಯ್ತು. ಇನ್ನೂ ಒಂದು ಸಲಾನೂ ಮಗೂನ ಎತ್ತಿಕೊಂಡಿಲ್ಲ. ತೊಟ್ಟಿಲ ಹತ್ರ ಬರ್ತಾರೆ, ನಿಲ್ತಾರೆ, ಕೈ ಎರಡೂ ಬೆನ್ನ ಹಿಂದೆ ಕಟ್ಕೊಂಡಿರ್ತಾರೆ, ಪೊಲೀಸರು ಹಿಡ್ಕೊಂಡು ಬಂದ ಕಳ್ಳನ ಹಂಗೆ. ಲುಕ್ರೆಸಿಯಾ ಅಳ್ತಾಳೆ, ಅಪ್ಪಂಗೆ ನನ್ ಮಗು ಬೇಡ್ವಾ ಅಂತ ಕೇಳ್ತಾಳೆ. ಮೇ ಹದಿನೈದಕ್ಕೆ ಜ್ಞಾನಸ್ನಾನ ಇಟ್ಕೊಂಡಿದೀವಿ. ಮನೆಯಿಂದ ಚರ್ಚಿನವರೆಗೆ ಮಗೂನ ತಾತನೇ ಎತ್ತಿಕೊಂಡು ಬರ್ಬೇಕು ಅನ್ನೋದು ಅವಳ ಹಟ. ಇವ್ರು, ಆವತ್ತು ಬೇಕರೀಲಿ ಕೆಲಸ ಜಾಸ್ತಿ ಅಂತಾರೆ. ನಮ್ಮ ಬೇಕರಿಗೆ ಭಾನುವಾರ ರಜ! ನೀವೊಂದು ಮಾತು ಹೇಳಿ. ನಿಮ್ಮ ಮಾತನ್ನ ಅವ್ರು ಯಾವತ್ತೂ ತೆಗೆದು ಹಾಕಿಲ್ಲ."

ಆ ಕೈ ಯಾಕೆ ಬೆನ್ನ ಹಿಂದೆ ಹೋಯಿತು ಎಂದು ನನಗೆ ಗೊತ್ತು. ಅತ್ತಿಗೆಗೆ ಅರ್ಧ ಗೊತ್ತು. ಲುಕ್ರೆಸಿಯಾಗೆ ಏನೂ ಗೊತ್ತಿಲ್ಲ. ಅಪ್ಪನಿಗೆ ತನ್ನ ಮೇಲೇ ಏನೋ ಮುನಿಸು ಎಂದುಕೊಂಡಿದ್ದಾಳೆ. ಬಿಸಿ ಕೈಯವನು ಮುಟ್ಟಿದ್ದು ಒಣಗುತ್ತದೆ ಎಂದು ನಮ್ಮೂರು ನಂಬುತ್ತದೆ. ಊರು ನಂಬಿದರೆ ನಂಬಲಿ, ಊರಿಗೆ ಬೇರೆ ಕೆಲಸವಿಲ್ಲ. ಬಿಸಿ ಕೈಯವನೂ ಅದನ್ನು ನಂಬುತ್ತಾನಲ್ಲ, ಅಲ್ಲಿದೆ ಕಷ್ಟ.

ಬುದ್ಧಿ ಹೇಳುವ ಮೊದಲು ಅಜ್ಜನ ವಿಷಯ ಬರೆಯುತ್ತೇನೆ, ಓದು. ನನಗೆ ಬರೆಯಬೇಕು ಅನ್ನಿಸಿದೆ. ಇಷ್ಟು ದಣಿದಾಗಲೆಲ್ಲ ಅಜ್ಜನ ನೆನಪು ಬಂದು ಪಕ್ಕದಲ್ಲಿ ಕೂರುತ್ತದೆ, ಟೋಪಿ ತೆಗೆದು ಮೊಣಕಾಲಿಗೆ ಸಿಕ್ಕಿಸಿಕೊಂಡು.

ಟೋಪಿ ಅಂದರೆ ನೆನಪಾಯಿತು. ತೋಟದೊಳಗೆ ಕಾಲಿಡುವಾಗ ಅಜ್ಜ ಟೋಪಿ ತೆಗೆಯುತ್ತಿದ್ದ, ಚರ್ಚಿನಲ್ಲಿ ಮರೆತರೂ ಇಲ್ಲಿ ಮರೆಯುತ್ತಿರಲಿಲ್ಲ. ಬರಿಗಾಲು, ಮೊಣಕಾಲವರೆಗೆ ಮಡಚಿದ ಬಿಳಿ ಷರಾಯಿ, ಬೆವರಿನ ವಾಸನೆಯ ಕೆಳಗೆಲ್ಲೋ ಸಣ್ಣಗೆ ವೆನಿಲ್ಲಾ ವಾಸನೆ. ಬಳ್ಳಿಯ ಜೊತೆ ನಮ್ಮವರ ತೊಟೊನಾಕ್ ಮಾತಾಡುತ್ತಿದ್ದ, ಕತ್ತೆಯ ಜೊತೆ ಸ್ಪ್ಯಾನಿಷ್. ಯಾಕಜ್ಜಾ ಹೀಗೆ ಎಂದು ನೀನೊಮ್ಮೆ ಕೇಳಿದ್ದೆ. "ಬಯ್ಯೋಕೆ ಆ ಭಾಷೆ ಚೆನ್ನಾಗಿದೆ ಕಣೋ, ಕತ್ತೆಗೂ ಒಗ್ಗಿಹೋಗಿದೆ," ಅಂದಿದ್ದ. ಅಮ್ಮ ತೀರಿಕೊಂಡು, ಅಪ್ಪ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿ ಅಲ್ಲೇ ಉಳಿದ ಮೇಲೆ ನಮಗೆ ಅಪ್ಪ ಅಮ್ಮ ಎಲ್ಲ ಆ ಬರಿಗಾಲಿನವನೇ. ಅತ್ತೆ ಗುಡುಗು, ಅಜ್ಜ ನೆರಳು.

ಕೊಯ್ಲಿನ ದಿನಗಳು ನೆನಪಿವೆಯಾ? ಕಾಯಿಗಳನ್ನು ಬಿಸಿಲಲ್ಲಿ ಕಾಯಿಸಿ, ಕಂಬಳಿ ಸುತ್ತಿ ಬೆವರಿಸುತ್ತಿದ್ದರು. ಮನೆಯಲ್ಲಿದ್ದ ಒಳ್ಳೆಯ ಕಂಬಳಿಯೆಲ್ಲ ಕಾಯಿಗೇ. ನಮಗೆ ಚಳಿ ಅಂದರೆ ಅಜ್ಜ, "ನೀವು ಬೆವರಿ ಏನು ಪ್ರಯೋಜನ, ನಿಮಗೆ ವಾಸನೆ ಬರಲ್ಲ," ಅನ್ನುತ್ತಿದ್ದ. ಆಮೇಲೆ ತನ್ನ ಹೊದಿಕೆ ತಂದು ನಮ್ಮಿಬ್ಬರಿಗೂ ಹೊದಿಸಿ, ತಾನು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ.

ಮತ್ತೆ ಆ ಮುಳ್ಳು. ಕಿತ್ತಳೆ ಮರದ ಮುಳ್ಳು, ಬೆರಳುದ್ದ, ಮೊನೆಯನ್ನು ಕಲ್ಲಿಗೆ ತೇಯ್ದು ಮೊಂಡು ಮಾಡಿದ್ದು, ಅಜ್ಜನ ಕೈಯೆಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದು. "ಒಳಗೊಂದು ತೆಳ್ಳನೆ ತೆರೆ ಇದೆ ನೋಡು, ಮುಳ್ಳಲ್ಲಿ ಅದನ್ನ ಎತ್ತು. ಹೆಣ್ಣು ಗಂಡು ಮುಖ ನೋಡ್ಕೊಳ್ಳಲಿ. ಹೆಬ್ಬೆರಳಲ್ಲಿ ಒಂದೇ ಒಂದು ಒತ್ತು. ಮುಗೀತು. ಪಾದ್ರಿಗೂ ಇಷ್ಟು ಬೇಗ ಆಗಲ್ಲ." ಗೊಂಚಲಿನಲ್ಲಿ ದಿನಕ್ಕೆ ಒಂದೋ ಎರಡೋ ಅರಳುತ್ತವೆ. ಎಂಟು ಹೂವಿಗೆ ಮದುವೆಯಾದ ಮೇಲೆ ಆ ಗೊಂಚಲಿನ ಬುಡಕ್ಕೆ ಹುಲ್ಲಿನೆಳೆಯ ಗಂಟು ಕಟ್ಟಬೇಕು. ಆ ಗಂಟು ಕಂಡರೆ ಅದನ್ನು ಮತ್ತೆ ಮುಟ್ಟಬಾರದು, ಮಿಕ್ಕ ಹೂವು ಎಷ್ಟೇ ಚೆಂದ ಅರಳಲಿ. ಅದಕ್ಕಾಗಿ ಅಜ್ಜ ಕಟ್ಟಿದ ಪದವನ್ನು ನಾನೀಗ ಮಕ್ಕಳಿಗೆ ಹೇಳಿಕೊಡುತ್ತೇನೆ:

ಎಂಟು ಹೂವಿಗೆ ಗಂಟು ಹಾಕು,
ಮಿಕ್ಕ ಹೂವನು ಮಣ್ಣಿಗೆ ಹಾಕು;
ಬಳ್ಳಿಗೂ ಒಂದು ಬೆನ್ನು ಉಂಟು,
ಹೊರಿಸಬೇಡ ಹೆಚ್ಚಿನ ಗಂಟು.

ನೀನು ಇದನ್ನು ಎಷ್ಟು ಕೂಗಿ ಹಾಡುತ್ತಿದ್ದೆ ಎಂದರೆ ಹಳ್ಳದ ಆಚೆಯ ನಾಯಿಗಳಿಗೂ ಬಾಯಿಪಾಠವಾಗಿತ್ತು.

ಐವತ್ತೆರಡನೆಯ ಇಸವಿಯ ಮಾರ್ಚಿನಲ್ಲಿ ಅಜ್ಜ ಏಣಿಯಿಂದ ಬಿದ್ದ. ತೊಡೆಯ ಮೂಳೆ ಮುರಿದಿತ್ತು. ಮೂಳೆ ಕೂರಿಸುವವನು ಬಂದು ಬಿದಿರು ಕಟ್ಟಿ, ಆರು ತಿಂಗಳು ಮಂಚ ಬಿಟ್ಟು ಇಳಿಯಕೂಡದು ಅಂದ. ಹೂವಿಗೆ ಇದೆಲ್ಲ ಗೊತ್ತಿಲ್ಲವಲ್ಲ, ಏಪ್ರಿಲ್ ಬಂದ ಕೂಡಲೇ ಅರಳಿತು. ಅಜ್ಜ ನಮ್ಮಿಬ್ಬರನ್ನೂ ಮಂಚದ ಪಕ್ಕ ಕರೆದ. ನಿನಗೆ ಹನ್ನೆರಡು, ನನಗೆ ಒಂಬತ್ತು. ಮುಳ್ಳನ್ನು ನಿನ್ನ ಕೈಲಿಟ್ಟು ಬೆರಳು ಮಡಚಿದ.

"ಅಜ್ಜಾ, ನಾನೂ ಹೋಗ್ತೀನಿ. ನನ್ ಬೆರಳು ಇವನದಕ್ಕಿಂತ ಸಣ್ಣಗಿದೆ," ಅಂದೆ.

"ಬೆರಳು ಸಣ್ಣಗಿದೆ ಮಗಾ, ಆಸೆ ದೊಡ್ಡದಿದೆ. ಇನ್ನೆರಡು ವರ್ಷ ಅತ್ತೆ ಜೊತೆ ರೊಟ್ಟಿ ತಟ್ಟು," ಅಂದ ಅಜ್ಜ.

ನೀನು ಹಿಂದೆ ನಿಂತು ನನಗೆ ನಾಲಿಗೆ ಚಾಚಿದೆ. ಅದೂ ನೆನಪಿದೆ.

ಆರು ವಾರ ನೀನು ಬೆಳಕು ಮೂಡುವ ಮೊದಲೇ ಗುಡ್ಡ ಹತ್ತುತ್ತಿದ್ದೆ. ಒಂಬತ್ತು ಗಂಟೆಗೆ ಇಳಿದು ಬಂದು ಅಜ್ಜನ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುತ್ತಿದ್ದೆ. ನಾನು ಆ ಹೊತ್ತಿಗೆ ಸೌದೆ ಆಯಲು ಹೋಗುತ್ತಿದ್ದೆ. ಮೇ ತಿಂಗಳ ಒಂದು ದಿನ ನೀನು ಓಡಿ ಬಂದು ಅಜ್ಜನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಅಜ್ಜಾ, ಹೂವು ಉದುರ್ತಾನೇ ಇಲ್ಲ! ನಾನು ಮುಟ್ಟದೇ ಬಿಟ್ಟಿದ್ದೂ ಕಾಯಿ ಕಚ್ಚಿದೆ!" ಹುಡುಗ ಜಂಬ ಕೊಚ್ಚುತ್ತಿದ್ದಾನೆ ಎಂದುಕೊಂಡು ಅಜ್ಜ ಮಂಚದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಬೇಡಿ, ಕಟ್ಟು ಸಡಿಲವಾಗುತ್ತೆ ಎಂದು ಅತ್ತೆ ಬೈದಳು.

ಆ ವರ್ಷ ನಮ್ಮ ತೋಟ ಹೊತ್ತಷ್ಟು ಕಾಯಿ ಯಾರ ತೋಟವೂ ಹೊತ್ತಿರಲಿಲ್ಲ. ಊರವರು ಬಂದು ನೋಡಿ ನಿನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ದೃಷ್ಟಿಯಾಗದಿರಲೆಂದು ಅತ್ತೆ ನಿನ್ನ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದಳು. ಅಕ್ಟೋಬರಿನಲ್ಲಿ ಅಜ್ಜ ಕೋಲೂರಿಕೊಂಡು, ನಡುನಡುವೆ ಕೂತು, ಗುಡ್ಡ ಹತ್ತಿದ. ನಾವಿಬ್ಬರೂ ಜೊತೆಗಿದ್ದೆವು. ಮೊದಲ ಮರದ ಹತ್ತಿರ ಟೋಪಿ ತೆಗೆದ. ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿದ. ಒಣಗಿದ ಹುಲ್ಲಿನ ಗಂಟೂ ಇತ್ತು, ಅದರ ಕೆಳಗೆ ಇಪ್ಪತ್ತು ಕಾಯೂ ಇತ್ತು.

"ಗೊಂಚಲಿಗೆ ಎಷ್ಟು ಮಾಡಿದೆ ಬುಚೊ?"

"ಎಂಟು ಅಜ್ಜಾ."

"ಮಿಕ್ಕಿದ್ದು?"

ನೀನು ತಲೆ ಕೆರೆದುಕೊಂಡೆ. "ಜೇನು ಮಾಡಿರ್ಬೇಕು."

ಅಜ್ಜ ಟೋಪಿ ಹಾಕಿಕೊಂಡ. ತೋಟದೊಳಗೆ ಅಜ್ಜ ಟೋಪಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನದು ನಿನಗೆ ಬರೆದು ತಿಳಿಸಬೇಕಾಗಿಲ್ಲ. ಕಾಯಿ ಕೊಯ್ದ ಮೇಲೆ ಬಳ್ಳಿ ಹಳದಿ ತಿರುಗಿತು, ಬೇರು ಕೊಳೆಯಿತು. ಈಸ್ಟರ್ ಹೊತ್ತಿಗೆ ಇನ್ನೂರು ಮರದ ಬಳ್ಳಿಗಳಲ್ಲಿ ಉಳಿದದ್ದು ಹನ್ನೊಂದು. ಊರಿನವರು ಏನಾಯಿತು ಎಂದು ಕೇಳತೊಡಗಿದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಅಜ್ಜ ಎಲ್ಲರ ಎದುರು ಹೇಳಿದ: "ಹುಡುಗನ ತಪ್ಪೇನಿಲ್ಲ. ಅವನದು ಬಿಸಿ ಕೈ. ದೇವರು ಕೊಟ್ಟಿದ್ದು." ಎಲ್ಲರೂ ಅಯ್ಯೋ ಪಾಪ ಎಂದು ತಲೆಯಾಡಿಸಿದರು. ನೀನು ಅಂಗೈ ಎರಡನ್ನೂ ತಿರುಗಿಸಿ ನೋಡಿಕೊಂಡೆ, ಆಮೇಲೆ ಬೆನ್ನ ಹಿಂದೆ ಇಟ್ಟುಕೊಂಡೆ. ಅತ್ತಿಗೆ ಬರೆದ ಸಾಲು ಓದಿದಾಗ ನನಗೆ ಕಂಡದ್ದು ತುಸ್ಪಾನಿನ ತೊಟ್ಟಿಲಲ್ಲ, ಆ ಮೆಟ್ಟಿಲು.

"ಬಿಸಿ ಕೈಗೆ ಬಿಸಿ ಒಲೆಯೇ ಸರಿ," ಎಂದು ಅತ್ತೆ ನಿನ್ನನ್ನು ತುಸ್ಪಾನಿಗೆ, ಅಮ್ಮನ ಕಡೆಯವರ ಬೇಕರಿಗೆ ಕಳಿಸಿದಳು. ಮುಳ್ಳು ನನ್ನ ಕೈಗೆ ಬಂತು. ಉಳಿದ ಹನ್ನೊಂದರಿಂದ ತುಂಡು ತೆಗೆದು ನೆಟ್ಟು, ಅಜ್ಜನೂ ನಾನೂ ಮತ್ತೆ ತೋಟ ಎಬ್ಬಿಸಿದೆವು.

ಇವತ್ತಿಗೆ ಸಾಕು. ಕಣ್ಣು ಮುಚ್ಚುತ್ತಿದೆ.

ಗುರುವಾರ

ಎರಡು ದಿನ ಕಾಗದ ಮೇಜಿನ ಮೇಲೇ ಬಿದ್ದಿತ್ತು. ಇವತ್ತು ಬೆಳಿಗ್ಗೆ ಅತ್ತೆ ಕಾಫಿ ಲೋಟ ಕೆಡವಿದಳು, ಮೊದಲ ಹಾಳೆಯ ಮೂಲೆಯಲ್ಲಿ ಕಲೆ ಕಾಣುತ್ತಿರಬೇಕು. ಯಾರು ಕೆಡವಿದ್ದು ಅಂದೆ. "ಜೇನು," ಅಂದಳು. ಮೂವತ್ತೈದು ವರ್ಷವಾದರೂ ಈ ಮನೆಯಲ್ಲಿ ಮಡಕೆ ಒಡೆದರೂ ಜೇನು, ಹಾಲು ಉಕ್ಕಿದರೂ ಜೇನು. ನೀನು ಬಂದಾಗ ನೀನೂ ಆ ಮಾತಿಗೆ ನಗುತ್ತೀಯ. ಎಲ್ಲರಿಗಿಂತ ಸ್ವಲ್ಪ ತಡವಾಗಿ ನಗುತ್ತೀಯ.

"ಕಾಗದ ಬರೀತಿದ್ದೀಯೋ ಕಾದಂಬರಿ ಬರೀತಿದ್ದೀಯೋ?" ಎಂದಳು ಅತ್ತೆ.

"ಬುಚೋಗೆ ಬುದ್ಧಿ ಹೇಳ್ತಿದೀನಿ."

"ಅವನಿಗ್ಯಾಕೆ ಬುದ್ಧಿ? ಈ ಮನೇಲಿ ಬುದ್ಧಿ ಇದ್ದೋನು ಅವನೊಬ್ಬನೇ, ಅದಕ್ಕೇ ಹೊರಗೆ ಕಳಿಸಿದ್ವಿ. ನನ್ನ ಹಲ್ಲಿಗೆ ಆಗೋ ಹಾಗೆ ಮೆತ್ತಗಿರೋ ಬನ್ನು ಕಳಿಸು ಅಂತ ಬರಿ. ಹೋದ ಸಲದ್ದು ಮೆತ್ತಗಿತ್ತು, ಆದ್ರೆ ನಿನ್ನ ಪಾಲಿಗೇ ಜಾಸ್ತಿ ಹೋಯ್ತು."

ಬರೆದಿದ್ದೇನೆ. ಈಗ ನನ್ನ ಮಾತು.

ಅಣ್ಣಾ, ರೊಸಾಲ್ಬಾಳ ವಿಷಯ ನಾವು ಯಾರೂ ಎತ್ತುವುದಿಲ್ಲ. ಇವತ್ತು ಎತ್ತುತ್ತೇನೆ, ತಡೆದುಕೋ. ಅರವತ್ತೈದರಲ್ಲಿ ನಿನ್ನ ಮೊದಲ ಮಗಳು ಮೂರು ತಿಂಗಳಿಗೆ ಜ್ವರ ಬಂದು ಹೋದಳು. ಆ ಬೇಸಿಗೆಯಲ್ಲಿ ತುಸ್ಪಾನಿನ ಆ ಒಂದು ಬೀದಿಯಲ್ಲೇ ನಾಲ್ಕು ಕೂಸುಗಳು ಅದೇ ಜ್ವರಕ್ಕೆ ಹೋದವು. ಉಳಿದ ಮೂರನ್ನು ನೀನು ಮುಟ್ಟಿರಲೇ ಇಲ್ಲ. ಆದರೂ ಗುಂಡಿಗೆ ಮಣ್ಣು ಹಾಕುವಾಗ ನೀನು ನನ್ನ ಪಕ್ಕ ನಿಂತು, ನನಗೊಬ್ಬಳಿಗೇ ಕೇಳುವ ಹಾಗೆ ಅಂದೆ: "ನಾನು ಅವಳನ್ನ ಎತ್ತಿಕೋಬಾರ್ದಿತ್ತು ಮಿನಾ. ಗೊತ್ತಿತ್ತು, ಆದ್ರೂ ಎತ್ತಿಕೊಂಡೆ."

ಎರಡು ವರ್ಷಕ್ಕೆ ಲುಕ್ರೆಸಿಯಾ ಹುಟ್ಟಿದಳು. ಅವಳಿಗೆ ಐದು ತುಂಬಿ, ಬೇಕರಿಯ ಮೆಟ್ಟಿಲಿಂದ ಬಿದ್ದು ಮೊಣಕಾಲು ತರಚಿಕೊಂಡ ದಿನ ನೀನು ಅವಳನ್ನು ಮೊದಲ ಸಲ ಎತ್ತಿಕೊಂಡೆಯಂತೆ. ಅದೂ ಹಿಟ್ಟಿನ ಚೀಲ ಎತ್ತುವ ಹಾಗೆ, ಮೈಗೆ ತಾಗಿಸದೆ. ಅವಳಿಗೇನೂ ಆಗಲಿಲ್ಲ. ಆಗ ಐದು, ಈಗ ಇಪ್ಪತ್ತೊಂದು, ಮಡಿಲಲ್ಲಿ ಕೂಸೊಂದು. ಆ ಒಂದು ಪುರಾವೆ ನಿನಗೆ ಸಾಲದೇ?

ಪ್ರತಿದಿನ ಬೆಳಿಗ್ಗೆ ತುಸ್ಪಾನಿನ ಅರ್ಧ ಊರು ನಿನ್ನ ಕೈ ನಾದಿದ್ದನ್ನು ತಿನ್ನುತ್ತದೆ. ಗರ್ಭಿಣಿಯರು ತಿನ್ನುತ್ತಾರೆ, ಮುದುಕರು ತಿನ್ನುತ್ತಾರೆ, ಹಲ್ಲು ಬರುವ ಕೂಸುಗಳು ನಿನ್ನ ರಸ್ಕು ಚೀಪುತ್ತವೆ. ಯಾರೂ ಒಣಗಿದ ಸುದ್ದಿ ಬಂದಿಲ್ಲ. ದಪ್ಪಗಾದ ಸುದ್ದಿ ಬೇಕಾದಷ್ಟಿದೆ. ನಿನ್ನ ಕೈ ಬಿಸಿಯಾಗಿದೆ, ನಿಜ. ಮೂವತ್ತೈದು ವರ್ಷ ಒಲೆಯ ಮುಂದೆ ನಿಂತರೆ ಯಾರ ಕೈಯೂ ಬಿಸಿಯಾಗುತ್ತದೆ. ಹುಟ್ಟಿ ತಿಂಗಳಾದ ಕೂಸಿಗೆ ಬೇಕಾದ್ದು ಅದೇ ಬಿಸಿ.

ಮೇ ಹದಿನೈದು ರೈತರ ಸಂತ ಇಸಿದ್ರೊನ ಹಬ್ಬ. ಆ ದಿನ ಅಜ್ಜ ಎತ್ತುಗಳ ಕೊಂಬಿಗೂ ಹೂ ಕಟ್ಟಿ ಚರ್ಚಿಗೆ ಹೊಡೆದುಕೊಂಡು ಹೋಗುತ್ತಿದ್ದ. ಎತ್ತನ್ನೇ ಕರೆದುಕೊಂಡು ಹೋದ ಅಜ್ಜನ ಮೊಮ್ಮಗ ನೀನು, ಒಂದು ಕೂಸನ್ನು ಎತ್ತಿಕೊಂಡು ಹೋಗಲಾರೆಯಾ? ನಿನ್ನ ಮನೆಯಿಂದ ಚರ್ಚಿಗೆ ಎರಡು ಬೀದಿ. ನಾನೂ ಅತ್ತೆಯೂ ಹಿಂದಿನ ದಿನವೇ ಬರುತ್ತೇವೆ, ನೀನು ಬೇಡ ಅನ್ನದಿದ್ದರೆ.

ಅತ್ತಿಗೆಗೆ ನನ್ನ ನಮಸ್ಕಾರ. ಲುಕ್ರೆಸಿಯಾಗೆ ಹೆದರಬೇಡ ಎಂದು ಹೇಳು; ಅವಳಿಗೂ ಅವಳ ಕೂಸಿಗೂ ಈ ಸೋದರತ್ತೆಯ ಆಶೀರ್ವಾದ. ಅದಕ್ಕೆ ಇನೆಸ್ ಎಂದು ಹೆಸರಿಡುತ್ತಾರಂತೆ, ಅತ್ತಿಗೆ ಬರೆದಿದ್ದಾರೆ. ಚಿಕ್ಕ ಹೆಸರು, ಎತ್ತಿಕೊಳ್ಳಲು ಹಗುರ. ನಿನ್ನ ಒಲೆ ಆರದಿರಲಿ, ಸೊಂಟ ನೋಯದಿರಲಿ, ನಮ್ಮ ಅಜ್ಜನ ಆತ್ಮ ನಿನ್ನ ಬೆನ್ನಿಗಿರಲಿ.

ನಿನ್ನ ತಂಗಿ,
ಎರ್ಮಿನಿಯಾ (ಮಿನಾ)

ತಾ.ಕ.
ಭಾನುವಾರ, ೧ ಮೇ

ಸಹಿ ಮಾಡಿದ ಮೇಲೆ ಮೂರು ದಿನ ಲಕೋಟೆ ಅಂಟಿಸದೆ ಇಟ್ಟುಕೊಂಡೆ. ಮನೆಯಲ್ಲಿ ಅಂಟು ಇರಲಿಲ್ಲ ಎಂದಲ್ಲ. ಮೇಲೆ ಬರೆದಿದ್ದೆಲ್ಲ ನಿಜವೇ, ಆದರೆ ಅಷ್ಟು ಬರೆದಿದ್ದು ಇಷ್ಟನ್ನು ಬರೆಯದೆ ತಪ್ಪಿಸಿಕೊಳ್ಳಲು.

ಅಣ್ಣಾ, ಆ ಜೇನು ನಾನು.

ನೀನು ಒಂಬತ್ತು ಗಂಟೆಗೆ ಗುಡ್ಡ ಇಳಿಯುತ್ತಿದ್ದೆ, ನಾನು ಸೌದೆಯ ನೆಪದಲ್ಲಿ ಹತ್ತುತ್ತಿದ್ದೆ. ಕಿತ್ತಳೆ ಮರದಿಂದ ಒಂದು ಮುಳ್ಳು ಮುರಿದು ಕಲ್ಲಿಗೆ ತೇಯ್ದು ನನ್ನದೇ ಒಂದನ್ನು ಮಾಡಿಕೊಂಡಿದ್ದೆ. ನೀನು ಹುಲ್ಲಿನ ಗಂಟು ಕಟ್ಟಿ ಬಿಟ್ಟ ಗೊಂಚಲುಗಳನ್ನೇ ಹುಡುಕಿ ಹುಡುಕಿ, ಆಮೇಲೆ ಅರಳಿದ ಒಂದೊಂದು ಹೂವಿಗೂ ಮದುವೆ ಮಾಡಿಸಿದೆ. ಆರು ವಾರ, ಒಂದು ದಿನವೂ ತಪ್ಪಿಸಲಿಲ್ಲ. ಉದುರಿ ಹೋಗುವ ಹೂಗಳ ಮೇಲಿನ ಕರುಣೆಯಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕರುಣೆಯಲ್ಲ. ಮುಳ್ಳು ನಿನಗೆ ಸಿಕ್ಕಿತು, ನನಗೆ ರೊಟ್ಟಿ ಸಿಕ್ಕಿತು, ಅದಕ್ಕೆ. ನನ್ನ ಬೆರಳು ನಿನ್ನದಕ್ಕಿಂತ ಚುರುಕು ಎಂದು ಕೊಯ್ಲಿನ ದಿನ ಹೇಳಿ ಎಲ್ಲರ ಬಾಯಿ ಮುಚ್ಚಿಸಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜ ಟೋಪಿ ಹಾಕಿಕೊಂಡ. ಮುಚ್ಚಿದ್ದು ನನ್ನ ಬಾಯಿ.

ನಿನ್ನ ಕೈ ಬಿಸಿ ಎಂದು ಅಜ್ಜ ಒಂದು ದಿನವೂ ನಂಬಿರಲಿಲ್ಲ. ಇದು ನನಗೆ ಗೊತ್ತಾಗಿ ಇಪ್ಪತ್ತೆರಡು ವರ್ಷವಾಯಿತು. ಅರವತ್ತಾರರ ಆಗಸ್ಟಿನಲ್ಲಿ, ಅಜ್ಜ ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ, ಬುಚೊ ಯಾಕೆ ಬರ್ತಿಲ್ಲ ಎಂದು ಕೇಳಿದ. ಬೇಜಾರಿನಲ್ಲಿ, ರೊಸಾಲ್ಬಾಳ ಗುಂಡಿಯ ಹತ್ತಿರ ನೀನಂದ ಮಾತನ್ನು ಹೇಳಿಬಿಟ್ಟೆ. ಅಜ್ಜ ಎದ್ದು ಕೂರಲು ನೋಡಿದ.

"ಅಯ್ಯೋ, ಅದನ್ನ ಅವನು ನಿಜ ಅಂದ್ಕೊಂಡ್ನಾ? ಹೊರೆ ಜಾಸ್ತಿಯಾಗಿ ಸತ್ತ ಬಳ್ಳಿ ಕಣೆ ಅದು, ಕೈಯ ದೋಷ ಏನಿದೆ ಅದ್ರಲ್ಲಿ! ಆಸೆ ಬಿದ್ದು ಎಲ್ಲಾ ಹೂವೂ ಮಾಡಿ, ಜೇನು ಮಾಡ್ತು ಅಂತ ನನಗೇ ಸುಳ್ಳು ಹೇಳ್ದ. ಸುಳ್ಳುಗಾರ ಅಂತ ಗೊತ್ತಾದ್ರೆ ಊರು ಸಾಯೋವರೆಗೂ ಮರೆಯಲ್ಲ. ಬಿಸಿ ಕೈ ಅಂದ್ರೆ ಮಾತು ದೇವರ ಮೇಲೆ ಹೋಗುತ್ತೆ. ಹುಡುಗ ಉಳಿಯಲಿ ಅಂತ ಹಂಗಂದೆ."

ಆಗ ಹೇಳಿದೆ. ಅಜ್ಜ ಮತ್ತೆ ದಿಂಬಿಗೆ ಒರಗಿದ. ಹೆಂಚಿನ ಮೇಲೆ ಮಳೆ ಬೀಳುತ್ತಿತ್ತು. ಕೊನೆಗೆ, "ಹಂಗಾದ್ರೆ ಹುಡುಗ ನಿಜಾನೇ ಹೇಳಿದ್ದ," ಅಂದ. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಮುಳ್ಳು ಅವನ ಕೈಗೆ ಕೊಡು. ನೀನೇ ಹೇಳು. ಅವನು ಬಂದ ದಿನವೇ ಹೇಳು," ಅಂದ.

ಮೂರನೆಯ ದಿನ ಅಜ್ಜ ಹೋದ. ಹೊಳೆ ತುಂಬಿ ಬಸ್ಸು ನಿಂತು, ನೀನು ಬಂದು ಸೇರಿದ್ದು ಐದನೆಯ ದಿನ. ಸಮಾಧಿಯ ಹತ್ತಿರ ನಾನು ಜೇಬಿನಲ್ಲಿ ಮುಳ್ಳು ಹಿಡಿದುಕೊಂಡೇ ನಿಂತಿದ್ದೆ. ನೀನು ನನ್ನ ಇನ್ನೊಂದು ಕೈ ಹಿಡಿದುಕೊಂಡು ಅಂದೆ: "ಈ ಕೈ ಹಿಡಿಯೋಕೆ ಹೆದರದೇ ಇರೋಳು ನೀನೊಬ್ಬಳೇ ಮಿನಾ."

ಆ ಮಾತು ಕೇಳಿದ ಮೇಲೆ ಹೇಳಲು ಆಗಲಿಲ್ಲ. ಆ ಒಂದು ಮಾತನ್ನು ಕಳೆದುಕೊಳ್ಳಬಾರದೆಂದು ಇಪ್ಪತ್ತೆರಡು ಹೂವಿನ ಕಾಲ ನಿನ್ನ ಮುಳ್ಳಿನಲ್ಲೇ ಕೆಲಸ ಮಾಡಿದೆ. ನನ್ನ ಸುಸ್ತು ಎಲ್ಲಿಂದ ಬರುತ್ತದೆ ಎಂದು ಅತ್ತೆಗೆ ಗೊತ್ತಿಲ್ಲ, ನನಗೆ ಗೊತ್ತು.

ಹತ್ತಿಯಲ್ಲಿ ಸುತ್ತಿ ಮುಳ್ಳನ್ನು ಇದರ ಜೊತೆ ಇಟ್ಟಿದ್ದೇನೆ. ನಾಳೆಯಿಂದ ಹೂವಿಗೆ ಬೇರೆ ತೇಯ್ದುಕೊಳ್ಳುತ್ತೇನೆ. ಹದಿನೈದಕ್ಕೆ ನಾನು ಬರಬೇಕೋ ಬೇಡವೋ, ಈಗ ನೀನೇ ಹೇಳಬೇಕು. ಬಯ್ಯಬೇಕು ಅನ್ನಿಸಿದರೆ ಬಯ್ಯಿ, ಪುಟಗಟ್ಟಲೆ ಬಯ್ಯಿ, ನಾನು ಒಂದಕ್ಷರ ಬಿಡದೆ ಓದುತ್ತೇನೆ. ಆದರೆ ಮೊದಲು ಕೈಯ ಹಿಟ್ಟು ತೊಳೆದು ಇನೆಸಳನ್ನು ಎತ್ತಿಕೋ. ಆಮೇಲೆ ಬಯ್ಯಿ. ಕೂಸನ್ನು ಎತ್ತಿಕೊಂಡ ಕೈಯಲ್ಲಿ ಪೆನ್ನು ಹಿಡಿಯಲು ಆಗುವುದಿಲ್ಲ. ಅದರಿಂದ ನಿನ್ನ ಉತ್ತರ ಎಷ್ಟು ತಡವಾಗುತ್ತದೋ ಅಷ್ಟೂ ನನಗೆ ಒಳ್ಳೆಯ ಸುದ್ದಿ ಎಂದುಕೊಂಡು, ದಿನಾ ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತೇನೆ.